ಕೋವಿಗಿರುವ ವಿನಾಯಿತಿ ಸ್ಟನ್ ಗನ್‌ಗೂ ಸಿಗುತ್ತದೆಯೇ?

ಪ್ರಶ್ನೆ: ನಮ್ಮದು ಕೊಡಗಿನ ಗೋಣಿಕೊಪ್ಪದ ಹತ್ತಿರ ಕಾಫಿ ತೋಟ. ಮಗಳಿಗೆ ಇಪ್ಪತ್ತು ವರ್ಷ. ಸಂಜೆ ಕೊನೆಯ ಬಸ್ಸಿನಲ್ಲಿ ಇಳಿದು ತೋಟದ ದಾರಿಯಲ್ಲಿ ಮುಕ್ಕಾಲು ಕಿಲೋಮೀಟರ್ ಒಬ್ಬಳೇ ನಡೆದು ಬರಬೇಕು. ಶಾರ್ಜಾದಲ್ಲಿರುವ ನನ್ನ ಬಾವ ರಜೆಗೆ ಬರುವಾಗ ವಿದ್ಯುತ್ ಶಾಕ್ ಕೊಡುವ ಟೇಸರ್ ತಂದುಕೊಡುತ್ತೇನೆ ಎನ್ನುತ್ತಿದ್ದಾರೆ. ಆನ್‌ಲೈನಿನಲ್ಲಿ ಶಾಕ್ ಕೊಡುವ ಟಾರ್ಚ್ ಕೂಡ ಸಿಗುತ್ತದಂತೆ. ನಾವು ಕೊಡವರು, ಮನೆಯಲ್ಲಿ ವಿನಾಯಿತಿಯ ಕೋವಿ ಇದೆ. ಅದೇ ವಿನಾಯಿತಿ ಇದಕ್ಕೂ ಅನ್ವಯಿಸುತ್ತದೆಯೇ? ದಾರಿಯಲ್ಲಿ ನಾಯಿ, ಆನೆ ಅಡ್ಡ ಬಂದರೆ ಇದರಿಂದ ಉಪಯೋಗವಿದೆಯೇ?

ಉತ್ತರ: ಮೊದಲು ಬಾವನವರಿಗೆ ಫೋನ್ ಮಾಡಿ, ತರುವುದು ಬೇಡ ಎಂದು ಹೇಳಿಬಿಡಿ. ಮಿಕ್ಕದ್ದನ್ನೆಲ್ಲ ನಿಧಾನವಾಗಿ ಯೋಚಿಸಬಹುದು, ಅದೊಂದು ಮಾತ್ರ ತಡವಾಗಬಾರದು. ವಿಮಾನ ನಿಲ್ದಾಣದಲ್ಲಿ ಚೀಲದೊಳಗೆ ಟೇಸರ್ ಸಿಕ್ಕಿದರೆ ಕೇಸು ಬೀಳುವುದು ತಂದವರ ಮೇಲೆ. ಮನೆಯವರಿಗೆ ಉಡುಗೊರೆ ಎಂದರೂ, ಊರಿನಲ್ಲಿ ನಮಗೆ ಕೋವಿ ವಿನಾಯಿತಿ ಇದೆ ಎಂದರೂ ಅಲ್ಲಿ ನಡೆಯುವುದಿಲ್ಲ.

ಯಾಕೆ ನಡೆಯುವುದಿಲ್ಲ ಎಂದು ತಿಳಿಯಬೇಕಾದರೆ ನಿಮ್ಮ ಕೈಯಲ್ಲಿರುವ ವಿನಾಯಿತಿ ಯಾವುದರಿಂದ ವಿನಾಯಿತಿ ಎಂಬುದನ್ನು ಸರಿಯಾಗಿ ನೋಡಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೆ ಒಂದು ಅಧಿಕಾರ ಕೊಡುತ್ತದೆ. ಸಾರ್ವಜನಿಕ ಹಿತ ಇದೆ ಎನಿಸಿದರೆ ಯಾವುದಾದರೂ ವರ್ಗದ ಜನರನ್ನು ಕಾಯ್ದೆಯ ಕೆಲವು ಕಟ್ಟಳೆಗಳಿಂದ ಹೊರಗಿಡಬಹುದು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿ ಇರುವವರು) ಕೊಟ್ಟಿರುವುದು ಕಾಯ್ದೆಯ 3 ಮತ್ತು 4ನೇ ಸೆಕ್ಷನ್‌ಗಳಿಂದ ಮಾತ್ರ ವಿನಾಯಿತಿ. 2019ರ ಅಕ್ಟೋಬರ್ 29ರ ಅಧಿಸೂಚನೆ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಅದನ್ನು ಪ್ರಶ್ನಿಸಿ ಹೂಡಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು.

3ನೇ ಸೆಕ್ಷನ್ ಹೇಳುವುದು ಬಂದೂಕು ಮತ್ತು ತೋಟಾಗಳನ್ನು ಲೈಸೆನ್ಸ್ ಇಲ್ಲದೆ ಪಡೆಯಬಾರದು, ಇಟ್ಟುಕೊಳ್ಳಬಾರದು, ಒಯ್ಯಬಾರದು ಎಂದು. 4ನೇ ಸೆಕ್ಷನ್ ಬಂದೂಕಲ್ಲದ ಬೇರೆ ಆಯುಧಗಳದ್ದು. ಕೇಂದ್ರ ಸರ್ಕಾರ ಒಂದು ಪ್ರದೇಶವನ್ನೂ ಆಯುಧದ ಬಗೆಯನ್ನೂ ಹೆಸರಿಸಿ ಅಧಿಸೂಚನೆ ಹೊರಡಿಸಿದರೆ ಆ ಪ್ರದೇಶದಲ್ಲಿ ಅದಕ್ಕೂ ಲೈಸೆನ್ಸ್ ಬೇಕಾಗುತ್ತದೆ. ಆದರೆ ತಯಾರಿಸಿ ಮಾರುವುದನ್ನು ಕಟ್ಟಿಹಾಕಿರುವುದು 5ನೇ ಸೆಕ್ಷನ್. ವಿದೇಶದಿಂದ ತರುವುದನ್ನು ಕಟ್ಟಿಹಾಕಿರುವುದು 10ನೇ ಸೆಕ್ಷನ್. ವಯಸ್ಸಿನ ಮಿತಿ ಇರುವುದು 9ನೇ ಸೆಕ್ಷನ್‌ನಲ್ಲಿ. ಈ ಮೂರರಿಂದಲೂ ಕೊಡಗಿನವರಿಗೆ ವಿನಾಯಿತಿ ಇಲ್ಲ. 10ನೇ ಸೆಕ್ಷನ್ ಬಂದೂಕು ಎನ್ನುವುದಿಲ್ಲ, ಯಾವುದೇ ‘ಆಯುಧ’ ಎನ್ನುತ್ತದೆ. ಹಾಗಾಗಿ ತಂತಿ ಹಾರಿಸುವ ಟೇಸರ್ ಆಗಲಿ, ಮೈಗೆ ಒತ್ತುವ ಸಣ್ಣ ಸ್ಟನ್ ಗನ್ ಆಗಲಿ, ಕಣ್ಣೂರಿನಲ್ಲಿ ಇಳಿದು ಮಾಕುಟ್ಟದ ಮೇಲೆ ಬಂದರೂ ಬೆಂಗಳೂರಿನಲ್ಲಿ ಇಳಿದು ಬಂದರೂ ಆಮದು ಲೈಸೆನ್ಸ್ ಬೇಕೇ ಬೇಕು. ಜೊತೆಗೆ 1962ರ ಕಸ್ಟಮ್ಸ್ ಕಾಯ್ದೆಯಡಿ ವಸ್ತು ಜಪ್ತಿಯಾಗುತ್ತದೆ, ದಂಡ ಪ್ರತ್ಯೇಕ. ಕೊರಿಯರ್‌ನಲ್ಲಿ ತರಿಸಿದರೆ ಪಾರ್ಸೆಲ್ ಮೇಲಿನ ಹೆಸರು ನಿಮ್ಮದಾಗಿರುತ್ತದೆ, ಉತ್ತರ ಹೇಳಬೇಕಾದವರೂ ನೀವೇ ಆಗುತ್ತೀರಿ.

ಇನ್ನೊಂದು ಮಾತು ಬಹಳ ಮನೆಗಳಲ್ಲಿ ಮರೆತೇ ಹೋಗಿದೆ. ವಿನಾಯಿತಿ ಪಡೆದವರು ಜಿಲ್ಲೆಯ ಹೊರಗೆ ವಾಸವಿದ್ದಾಗ ಅಥವಾ ಪ್ರಯಾಣ ಮಾಡುವಾಗ ಏನೇನು ಇಟ್ಟುಕೊಳ್ಳಬಹುದು ಎಂದು ಷರತ್ತಿನಲ್ಲಿ ಎಣಿಸಿ ಹೇಳಿದೆ: ಒಂದು ರೈಫಲ್ ಮತ್ತು ಅದರ 100 ಗುಂಡು, ಒಂದು ನಯ ನಳಿಗೆಯ ಕೋವಿ ಮತ್ತು 500 ತೋಟಾ ಅಥವಾ ಅಷ್ಟಕ್ಕೆ ಸಮನಾದ ಸೀಸದ ಗುಂಡು ಮತ್ತು ಮದ್ದು. ಆ ಪಟ್ಟಿಯಲ್ಲಿ ಶಾಕ್ ಕೊಡುವ ಯಾವ ಯಂತ್ರವೂ ಇಲ್ಲ. ಮಗಳು ಮೈಸೂರಿಗೋ ಮಂಗಳೂರಿಗೋ ಓದಲು ಹೋಗುವವಳಾದರೆ, ಜಿಲ್ಲೆಯ ಗಡಿ ದಾಟಿದ ಮೇಲೆ ವಿನಾಯಿತಿಯ ಮಾತನ್ನು ಈ ಯಂತ್ರದ ಪರವಾಗಿ ಎತ್ತಲು ಜಾಗವೇ ಇಲ್ಲ. ಜಿಲ್ಲೆಯೊಳಗೂ ಅದನ್ನು ನೆಚ್ಚಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೆ ಇಡುವ, ಪುತ್ತರಿ ಹಬ್ಬದಲ್ಲಿ ಹಾರಿಸುವ ಕೋವಿಯ ಹಿನ್ನೆಲೆ ಬೇರೆ. ಚೀನಾದಿಂದ ಬಂದ ಶಾಕ್ ಟಾರ್ಚನ್ನು ಅದರ ಮರೆಯಲ್ಲಿ ನಿಲ್ಲಿಸಲು ಹೊರಟರೆ 2029ರಲ್ಲಿ ಮತ್ತೆ ನವೀಕರಣಕ್ಕೆ ಬರುವ ವಿನಾಯಿತಿಗೇ ಪೆಟ್ಟು ಬೀಳುವ ಭಯವಿದೆ. ಅದು ಒಂದು ಮನೆಯ ನಷ್ಟವಾಗಿ ಮುಗಿಯುವುದಿಲ್ಲ.

ಈಗ ಯಂತ್ರದ ವಿಷಯ. ಅಂಗಡಿಯವರು ಎಲ್ಲವನ್ನೂ ಟೇಸರ್ ಎಂದೇ ಕರೆಯುತ್ತಾರೆ. ನಿಜಕ್ಕೂ ಅವು ಎರಡು ಬೇರೆ ಬೇರೆ ವಸ್ತುಗಳು, ಕಾನೂನಿನ ಕಣ್ಣಿನಲ್ಲೂ ಬೇರೆ.

ಮೊದಲನೆಯದು ಪಿಸ್ತೂಲಿನ ಆಕಾರದ್ದು. ಮುಂದೆ ಕಾರ್ಟ್ರಿಜ್ ಕೂರುತ್ತದೆ. ಕಾರ್ಟ್ರಿಜ್‌ನ ಮುಖದಲ್ಲಿ ಸಣ್ಣ ಪ್ಲಾಸ್ಟಿಕ್ ಬಾಗಿಲು, ಒಳಗೆ ಒತ್ತಿ ತುಂಬಿದ ನೈಟ್ರೋಜನ್, ಮೀನು ಗಾಳದಂತೆ ಕೊಕ್ಕೆಯಿರುವ ಎರಡು ಮೊಳೆ, ಅವಕ್ಕೆ ಸುತ್ತಿದ ಕೂದಲೆಳೆಯಂಥ ತಂತಿ. ಕುದುರೆ (ಟ್ರಿಗರ್) ಒತ್ತಿದರೆ ಅನಿಲದ ಒತ್ತಡಕ್ಕೆ ಮೊಳೆಗಳು ಹಾರಿ ಬಟ್ಟೆಗೋ ಚರ್ಮಕ್ಕೋ ಚುಚ್ಚಿಕೊಳ್ಳುತ್ತವೆ. ತಂತಿಯ ಉದ್ದ ಕಾರ್ಟ್ರಿಜ್ ನೋಡಿಕೊಂಡು 15 ಅಡಿಯಿಂದ 35 ಅಡಿ. ಹಾರಿಸಿದಾಗ ಹೊರಬೀಳುವ ಪುಟ್ಟ ಕಾಗದದ ಚೂರುಗಳ ಮೇಲೆ ಕಾರ್ಟ್ರಿಜ್‌ನ ಸಂಖ್ಯೆ ಅಚ್ಚಾಗಿರುತ್ತದೆ. ಯಾರ ಯಂತ್ರ ಎಲ್ಲಿ ಹಾರಿತು ಎಂದು ಆಮೇಲೆ ಪತ್ತೆ ಮಾಡಲೆಂದೇ ಇಟ್ಟ ಏರ್ಪಾಡು ಅದು. ಪೊಲೀಸರು ಬಹಳ ಕಾಲ ಬಳಸಿದ ಎಕ್ಸ್26 ಮಾದರಿ ಒಮ್ಮೆ ಒತ್ತಿದರೆ 5 ಸೆಕೆಂಡ್ ಕಾಲ, ಸೆಕೆಂಡಿಗೆ ಸುಮಾರು 19 ಸಲ ವಿದ್ಯುತ್ ಬಡಿಯುತ್ತದೆ. ಅಮೆರಿಕದಲ್ಲಿ ನಾಗರಿಕರಿಗೆಂದು ಮಾರುವ ಪಲ್ಸ್ ಮಾದರಿ 30 ಸೆಕೆಂಡ್ ಬಡಿಯುತ್ತದೆ, ಯಂತ್ರವನ್ನು ಅಲ್ಲೇ ಬಿಸಾಕಿ ಓಡಲಿ ಎಂಬ ಲೆಕ್ಕದಲ್ಲಿ.

ನಮ್ಮ ಕಾಯ್ದೆಯಲ್ಲಿ ‘ಬಂದೂಕು’ ಎಂಬುದರ ವ್ಯಾಖ್ಯೆ ಮದ್ದಿಗೆ ನಿಲ್ಲುವುದಿಲ್ಲ. 2ನೇ ಸೆಕ್ಷನ್ ಪ್ರಕಾರ ಸ್ಫೋಟಕದಿಂದ ‘ಅಥವಾ ಬೇರೆ ಬಗೆಯ ಶಕ್ತಿಯಿಂದ’ ಯಾವುದೇ ಬಗೆಯ ಉತ್ಕ್ಷೇಪಕವನ್ನು (ಗುಂಡು, ಮೊಳೆಯಂಥ ಹಾರುವ ವಸ್ತು) ಹಾರಿಸಲು ಮಾಡಿದ್ದೆಲ್ಲ ಬಂದೂಕೇ. ಅನಿಲದ ಬಲದಲ್ಲಿ ಮೊಳೆ ಹಾರಿಸುವ ಟೇಸರ್ ನೇರವಾಗಿ ಈ ಮಾತಿನೊಳಗೆ ಬೀಳುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಾವಳಿ ವಿದ್ಯುನ್ಮಾನ ನಿಷ್ಕ್ರಿಯಕ ಸಾಧನಗಳನ್ನು, ಅಂದರೆ ಶಾಕ್ ಕೊಟ್ಟು ಮನುಷ್ಯನನ್ನು ಬೀಳಿಸುವ ಯಂತ್ರಗಳನ್ನು, ಹೆಸರಿಟ್ಟೇ ಒಳಗೆ ತಂದಿದೆ, ಹಿಂದಿದ್ದ ಅನುಮಾನವೂ ಈಗ ಉಳಿದಿಲ್ಲ. ಲೈಸೆನ್ಸ್ ಇಲ್ಲದ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು, ಮೇಲೆ ದಂಡ. ನಿಮ್ಮ ಮಗಳ ವಿಷಯದಲ್ಲಿ ಇನ್ನೂ ಒಂದು ತೊಡಕಿದೆ. 21 ವರ್ಷ ತುಂಬದವರು ಬಂದೂಕು ಹೊಂದುವಂತೆಯೇ ಇಲ್ಲ. ನಿಮ್ಮ ಹೆಸರಿನಲ್ಲಿ ಲೈಸೆನ್ಸ್ ಪಡೆದು ಅವಳ ಬ್ಯಾಗಿಗೆ ಹಾಕಿದರೆ ಲೈಸೆನ್ಸ್ ನಿಮ್ಮದು, ಅಪರಾಧ ಇಬ್ಬರದು.

ಲೈಸೆನ್ಸ್‌ಗೆ ಅರ್ಜಿ ಹಾಕಲು ದಾರಿ ಇದೆ: ಡಿಸಿಯವರಿಗೆ ನಮೂನೆ ಎ-1ರಲ್ಲಿ ಅರ್ಜಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ನಿಮ್ಮ ಠಾಣೆಯಿಂದ ವರದಿ. ಆದರೆ ಕೊಡುವುದು ಬಿಡುವುದು ಲೈಸೆನ್ಸ್ ಪ್ರಾಧಿಕಾರದ ವಿವೇಚನೆ. ಸಂಜೆ ನಡೆದು ಬರುವ ದಾರಿಗೆ ಎಂಬ ಕಾರಣಕ್ಕೆ ಟೇಸರ್ ಲೈಸೆನ್ಸ್ ಸಿಗುತ್ತದೆಂದು ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಎರಡನೆಯದು ಏನನ್ನೂ ಹಾರಿಸುವುದಿಲ್ಲ. ಅಂಗೈಯಗಲದ ಪೆಟ್ಟಿಗೆ ಅಥವಾ ಟಾರ್ಚ್, ತುದಿಯಲ್ಲಿ ಎರಡು ಲೋಹದ ಹಲ್ಲು. ಗುಂಡಿ ಒತ್ತಿದರೆ ಹಲ್ಲುಗಳ ನಡುವೆ ನೀಲಿ ಕಿಡಿ ಚಟಪಟ ಎನ್ನುತ್ತದೆ. ಎದುರಿನವರ ಮೈಗೆ ಒತ್ತಿ ಹಿಡಿದರೆ ಮಾತ್ರ ಕೆಲಸ. ಇದು ಬಂದೂಕಲ್ಲ, ಹಾಗಾಗಿ 3ನೇ ಸೆಕ್ಷನ್ ಇದಕ್ಕೆ ಹತ್ತುವುದಿಲ್ಲ. ಆದರೆ ಆಕ್ರಮಣಕ್ಕೋ ರಕ್ಷಣೆಗೋ ಎಂದೇ ಮಾಡಿದ ವಸ್ತುವಾದ್ದರಿಂದ ಇದು ‘ಆಯುಧ’ ಹೌದು. ಮನೆಗೆಲಸಕ್ಕೆ, ಕೃಷಿಗೆ ಮಾತ್ರವೆಂದು ಮಾಡಿದ ವಸ್ತುಗಳನ್ನು ಕಾಯ್ದೆ ಬಿಟ್ಟುಕೊಟ್ಟಿದೆ, ಲಾಠಿ ಮತ್ತು ಊರುಗೋಲನ್ನು ಉದಾಹರಣೆಯಾಗಿ ಹೆಸರಿಸಿದೆ. ತೋಟದಲ್ಲಿ ಕಪಾತು ಮಾಡುವ ಕತ್ತಿ ಆ ಗುಂಪಿಗೆ ಸೇರುತ್ತದೆ. ಶಾಕ್ ಟಾರ್ಚ್ ಸೇರುವುದಿಲ್ಲ, ಬೆಳಕು ಕೊಡುತ್ತದೆ ಎಂಬ ಮಾತ್ರಕ್ಕೆ ಅದು ಮನೆಬಳಕೆಯ ವಸ್ತುವಾಗುವುದಿಲ್ಲ.

ಹಾಗಾದರೆ ಇಂಥದ್ದೊಂದು ಮನೆಯಲ್ಲಿ ಇದ್ದರೆ ತಪ್ಪೇ? ಕಾಯ್ದೆಯ ಬರಹವನ್ನಷ್ಟೇ ಓದಿದರೆ, 4ನೇ ಸೆಕ್ಷನ್‌ನ ಅಧಿಸೂಚನೆ ಇಲ್ಲದ ಕಡೆ ಸುಮ್ಮನೆ ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಕೇಳುವ ಸಾಲು ಕಾಣುವುದಿಲ್ಲ. ಇದೇ ಮಾತನ್ನು ಹಿಡಿದು ಆನ್‌ಲೈನ್ ಮಾರಾಟಗಾರರು ‘ಭಾರತದಲ್ಲಿ ಪೂರ್ತಿ ಕಾನೂನುಬದ್ಧ’ ಎಂದು ಬರೆದುಕೊಳ್ಳುತ್ತಾರೆ. ಆ ಮಾತನ್ನು ನಂಬಬೇಡಿ. ಅದು ದೇಶದೊಳಗೆ ಹೇಗೆ ಬಂತು ಎಂಬ ಪ್ರಶ್ನೆಗೆ ಅವರಲ್ಲಿ ಉತ್ತರ ಇರುವುದಿಲ್ಲ. ಪೊಟ್ಟಣವನ್ನು ತಿರುಗಿಸಿ ನೋಡಿ: ಆಮದು ಮಾಡಿದ ಯಾವುದೇ ಪೊಟ್ಟಣದ ಮೇಲೆ ಆಮದುದಾರರ ಹೆಸರು, ವಿಳಾಸ, ತಯಾರಾದ ದೇಶ, ಎಂಆರ್‌ಪಿ ಇರಲೇಬೇಕು ಎಂದು 2011ರ ಪೊಟ್ಟಣ ಸಾಮಗ್ರಿ ನಿಯಮ ಹೇಳುತ್ತದೆ. ಹೊರಗೆ ‘ಟಾರ್ಚ್’ ಎಂದಷ್ಟೇ ಬರೆದು, ಬಿಲ್ಲಿನಲ್ಲೂ ‘ಎಲ್‌ಇಡಿ ಲೈಟ್’ ಎಂದು ತೋರಿಸಿದ್ದರೆ ಅದು ಆಯುಧವೆಂದು ತಿಳಿದೇ ಮುಚ್ಚಿಟ್ಟು ತಂದದ್ದು ಎಂದರ್ಥ. ನಾಳೆ ಠಾಣೆಯಲ್ಲಿ ಆ ಬಿಲ್ಲು ನಿಮ್ಮನ್ನು ಕಾಯುವುದಿಲ್ಲ. ಚುನಾವಣೆಯ ಹೊತ್ತಿಗೋ ಗಲಾಟೆಯ ಹೊತ್ತಿಗೋ ಜಿಲ್ಲಾ ಮ್ಯಾಜಿಸ್ಟ್ರೇಟರು ಆಯುಧ ಒಯ್ಯುವುದನ್ನು ನಿಷೇಧಿಸಿ ಆದೇಶ ಹೊರಡಿಸಿದರೆ ಆ ದಿನಗಳಲ್ಲಿ ಇದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೊರಟದ್ದೇ ಬೇರೊಂದು ಅಪರಾಧ. ವಿಮಾನದ ಕೈಚೀಲದಲ್ಲಂತೂ ಎಂದಿಗೂ ಬಿಡುವುದಿಲ್ಲ.

ಕಾನೂನು ಬದಿಗಿರಲಿ, ಉಪಯೋಗಕ್ಕಾದರೂ ಬರುತ್ತದೆಯೇ ಎಂದರೆ ನಿಮ್ಮ ಮಗಳ ದಾರಿಗೆ ಬಹಳ ಕಡಿಮೆ. ಜಾಹೀರಾತಿನಲ್ಲಿ ‘ಒಂದು ಕೋಟಿ ವೋಲ್ಟ್’ ಎಂದಿರುತ್ತದೆ. ಒಣ ಗಾಳಿಯಲ್ಲಿ ಒಂದು ಸೆಂಟಿಮೀಟರ್ ದೂರ ಕಿಡಿ ಹಾರಲು ಬೇಕಾಗುವುದು ಸುಮಾರು 30,000 ವೋಲ್ಟ್. ಹಲ್ಲುಗಳ ನಡುವೆ ಎರಡು ಮೂರು ಸೆಂಟಿಮೀಟರ್ ಇದೆ ಎಂದರೆ ಅಷ್ಟು ವೋಲ್ಟೇಜ್ ಆಗುವ ಮೊದಲೇ ಕಿಡಿ ಹಾರಿ ಮುಗಿದಿರುತ್ತದೆ, ಒಂದು ಲಕ್ಷ ದಾಟಲೂ ಜಾಗವಿಲ್ಲ. ಹೆಸರಾಂತ ಎಕ್ಸ್26 ಕೂಡ ಗಾಳಿಯಲ್ಲಿ 50,000 ವೋಲ್ಟ್, ಮೈಯೊಳಗೆ ಸುಮಾರು 1,200 ವೋಲ್ಟ್ ಅಷ್ಟೇ. ಮನುಷ್ಯನನ್ನು ಬೀಳಿಸುವುದು ವೋಲ್ಟೇಜ್ ಅಲ್ಲ, ಎರಡು ಮೊಳೆಗಳ ನಡುವಿನ ಅಂತರ. ಅವು ದೂರ ದೂರ ನೆಟ್ಟಾಗ ನಡುವಿನ ದೊಡ್ಡ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದು ಕಾಲು ಕೈ ಮಾತು ಕೇಳುವುದಿಲ್ಲ. ಒತ್ತುವ ಯಂತ್ರದಲ್ಲಿ ಹಲ್ಲುಗಳು ಅಕ್ಕಪಕ್ಕದಲ್ಲೇ ಇರುವುದರಿಂದ ಆಗುವುದು ನೋವು ಮಾತ್ರ. ಕುಡಿದವನಿಗೆ, ಕೋಪದಲ್ಲಿರುವವನಿಗೆ ಆ ನೋವು ತಡೆಯಲಾರದ್ದಲ್ಲ. ಅದೂ ಎರಡು ಮೂರು ಸೆಕೆಂಡ್ ಒತ್ತಿ ಹಿಡಿದರೆ. ಒತ್ತಿ ಹಿಡಿಯಬೇಕಾದರೆ ಅವನ ಕೈಗೆ ಸಿಗುವಷ್ಟು ಹತ್ತಿರ ನಿಲ್ಲಬೇಕು, ಅವನು ಕಿತ್ತುಕೊಂಡರೆ ಯಂತ್ರ ನಿಮ್ಮ ಮಗಳ ಕಡೆಗೇ ತಿರುಗುತ್ತದೆ. ಇದೇ ಕಾರಣಕ್ಕೆ ಕೆಲವು ಮಾದರಿಗಳಲ್ಲಿ ಮಣಿಕಟ್ಟಿನ ಪಟ್ಟಿಗೆ ಒಂದು ಪಿನ್ ಇರುತ್ತದೆ, ಕಿತ್ತರೆ ಪಿನ್ ಕಳಚಿ ಯಂತ್ರ ನಿಲ್ಲುತ್ತದೆ. ಅಗ್ಗದ ಟಾರ್ಚ್‌ಗಳಲ್ಲಿ ಅದೂ ಇರುವುದಿಲ್ಲ.

ನಮ್ಮ ಹವೆಯೂ ಇದಕ್ಕೆ ಒಗ್ಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಾರಿಯಲ್ಲಿ ಎದುರಾಗುವವರು ರೈನ್‌ಕೋಟ್ ಹಾಕಿರುತ್ತಾರೆ, ಡಿಸೆಂಬರ್ ಜನವರಿಯಲ್ಲಿ ಸ್ವೆಟರ್ ಮೇಲೆ ಜಾಕೆಟ್. ಗಾಳಿ ತುಂಬಿದ ದಪ್ಪ ಬಟ್ಟೆಯನ್ನು ಕಿಡಿ ದಾಟದೆ ಉಳಿಯಬಹುದು. ಯಂತ್ರದ ತುದಿ ಒದ್ದೆಯಾಗಿದ್ದರೆ ವಿದ್ಯುತ್ತು ಪ್ಲಾಸ್ಟಿಕ್ ಮೇಲಿನ ನೀರಿನ ಪದರದಲ್ಲೇ ಹರಿದುಹೋಗುತ್ತದೆ, ಹಿಡಿದವರ ಕೈಗೂ ತಾಗಬಹುದು. ಮಳೆಗಾಲ ಮುಗಿಯುವಷ್ಟರಲ್ಲಿ ಹಲ್ಲುಗಳಿಗೆ ಕಿಲುಬು ಹಿಡಿದಿರುತ್ತದೆ, ಬಳಸದೆ ಇಟ್ಟ ಬ್ಯಾಟರಿ ಇಳಿದಿರುತ್ತದೆ. ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಹೃದಯದಲ್ಲಿ ಪೇಸ್‌ಮೇಕರ್ ಇರುವವರಿಗೆ, ಗರ್ಭಿಣಿಯರಿಗೆ ಇದು ಅಪಾಯ. ತಂತಿ ಹಾರಿಸುವ ಯಂತ್ರದಿಂದ ಬಿದ್ದವರಿಗೆ ಬೀಳುವ ಪೆಟ್ಟೇ ದೊಡ್ಡದು: ಸ್ನಾಯು ಬಿಗಿದಿರುವುದರಿಂದ ಕೈ ಊರಲು ಆಗುವುದಿಲ್ಲ, ತಲೆ ನೇರ ನೆಲಕ್ಕೆ. ಇಳಿಜಾರಿನ ಕಲ್ಲುದಾರಿಯಲ್ಲಿ ಅದು ಪ್ರಾಣಕ್ಕೇ ಬರಬಹುದು. ಪೆಟ್ರೋಲ್, ಸ್ಯಾನಿಟೈಸರ್, ಆಲ್ಕೋಹಾಲ್ ಬೆರೆತ ಪೆಪ್ಪರ್ ಸ್ಪ್ರೇ ಮೈಮೇಲೆ ಬಿದ್ದಿದ್ದರೆ ಈ ಕಿಡಿಗೆ ಬೆಂಕಿ ಹತ್ತುತ್ತದೆ. ಸ್ಪ್ರೇ ಮತ್ತು ಶಾಕ್ ಎರಡನ್ನೂ ಒಟ್ಟಿಗೆ ಬಳಸುವುದು ಎಂದಿಗೂ ಬೇಡ.

ನಾಯಿ ಮತ್ತು ಆನೆಯ ಬಗ್ಗೆ ಕೇಳಿದ್ದೀರಿ. ಆನೆಗೆ ಇದರಿಂದ ಏನೂ ಆಗದು, ಕಿಡಿಯ ಸದ್ದಿಗೆ ಅದು ಕೆರಳಿದರೆ ಓಡಲೂ ಜಾಗವಿರುವುದಿಲ್ಲ. ತೋಟದಲ್ಲಿ ಆನೆ ಇರುವ ಸುಳಿವಿದ್ದರೆ ಆ ಸಂಜೆ ನಡೆದು ಬರುವುದನ್ನೇ ಬಿಟ್ಟು ಜೀಪ್ ಕಳಿಸಬೇಕು, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಗೆ ತಿಳಿಸಬೇಕು. ಬೇರೆ ಮಾತಿಲ್ಲ. ನಾಯಿ ದೂರದಲ್ಲಿದ್ದರೆ ಕಿಡಿಯ ಸದ್ದಿಗೆ ಕೆಲವೊಮ್ಮೆ ಹಿಂಜರಿಯುತ್ತದೆ, ಅಷ್ಟಕ್ಕೆ ಒಂದು ಕೋಲೂ ಪ್ರಖರ ಟಾರ್ಚೂ ಸಾಕು.

ಆತ್ಮರಕ್ಷಣೆಯ ಹಕ್ಕು ಆಯುಧದ ಲೈಸೆನ್ಸ್‌ನಿಂದ ಬರುವುದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಅದನ್ನು ಎಲ್ಲರಿಗೂ ಕೊಟ್ಟಿವೆ. ಅತ್ಯಾಚಾರದ, ಅಪಹರಣದ ಉದ್ದೇಶದ ಹಲ್ಲೆ, ಆಸಿಡ್ ಎರಚುವ ಯತ್ನ, ಪ್ರಾಣಕ್ಕೋ ಅಂಗಕ್ಕೋ ತೀವ್ರ ಅಪಾಯ ಇದ್ದಾಗ 38ನೇ ಸೆಕ್ಷನ್ ಎದುರಾಳಿಯ ಪ್ರಾಣ ಹೋಗುವವರೆಗೂ ರಕ್ಷಣೆಯ ಹಕ್ಕನ್ನು ವಿಸ್ತರಿಸುತ್ತದೆ. ಹುಡುಗಿಯರಿಗೆ ಇದನ್ನು ಸ್ಪಷ್ಟವಾಗಿ ಹೇಳಿಕೊಡಬೇಕು. ಎಷ್ಟೋ ಮನೆಗಳಲ್ಲಿ ತಿರುಗಿ ಹೊಡೆದರೆ ನಮ್ಮ ಮೇಲೇ ಕೇಸಾಗುತ್ತದೆ ಎಂದು ಹೆದರಿಸಿಟ್ಟಿರುತ್ತಾರೆ. ಆಕ್ರಮಣ ನಡೆಯುತ್ತಿರುವಾಗ, ಅಥವಾ ನಡೆದೇಬಿಡುತ್ತದೆ ಎಂಬ ನ್ಯಾಯವಾದ ಭಯ ಹುಟ್ಟಿದ ಕ್ಷಣದಿಂದ, ಆ ಭಯ ಇರುವಷ್ಟು ಹೊತ್ತೂ ಹಕ್ಕು ಇದೆ. ಮೊದಲು ಪೆಟ್ಟು ತಿನ್ನಲೇಬೇಕು ಎಂದು ಕಾನೂನು ಹೇಳುವುದಿಲ್ಲ.

ಎಡವುವುದು ಎರಡು ಕಡೆ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದು ಎಂದು 37ನೇ ಸೆಕ್ಷನ್ ಹೇಳುತ್ತದೆ. ಅವನು ಬಿದ್ದ ಮೇಲೆ, ಓಡಲು ತಿರುಗಿದ ಮೇಲೆ ಮತ್ತೆ ಕೊಟ್ಟ ಶಾಕ್ ರಕ್ಷಣೆಯಲ್ಲ, ಹಲ್ಲೆ. ಇನ್ನೊಂದು, ರಕ್ಷಣೆಗಾಗಿ ಮಾಡಿದೆ ಎಂದು ತೋರಿಸುವ ಹೊಣೆ ಹಾಗೆ ಹೇಳುವವರ ಮೇಲಿದೆ, ಭಾರತೀಯ ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್ ಅದು. 2024ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಬೆಂಗಳೂರಿನ ಒಂದು ಪ್ರಕರಣ ಬಂದಿತ್ತು. ಜಗಳದಲ್ಲಿ ಪೆಪ್ಪರ್ ಸ್ಪ್ರೇ ಬಳಸಿದವರು ಅದು ಆತ್ಮರಕ್ಷಣೆ, ಕೇಸು ರದ್ದು ಮಾಡಿ ಎಂದು ಕೇಳಿದ್ದರು. ಪ್ರಾಣಾಪಾಯ ಇಲ್ಲದಾಗ ಅದನ್ನು ಬಳಸುವಂತಿರಲಿಲ್ಲ, ಪೆಪ್ಪರ್ ಸ್ಪ್ರೇ ಕೂಡ ಅಪಾಯಕಾರಿ ಆಯುಧವೇ ಎಂದು ಕೋರ್ಟು ರದ್ದು ಮಾಡಲು ಒಪ್ಪಲಿಲ್ಲ. ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ ಸ್ಪ್ರೇಗೇ ಈ ಮಾತು. ಮೂಲವೇ ಗೊತ್ತಿಲ್ಲದ ಶಾಕ್ ಯಂತ್ರ ಕೈಯಲ್ಲಿದ್ದರೆ ನ್ಯಾಯ ನಿಮ್ಮ ಕಡೆ ಇದ್ದರೂ ಎದುರು ಪಕ್ಷದ ವಕೀಲರು ಮೊದಲು ಎತ್ತುವುದು ಅದನ್ನೇ. ಸಂಹಿತೆಯ 118ನೇ ಸೆಕ್ಷನ್, ಅಂದರೆ ಅಪಾಯಕಾರಿ ಆಯುಧದಿಂದ ಗಾಯ, ಸೇರಿಸಿದರೆ ಮೂರು ವರ್ಷದವರೆಗೆ ಜೈಲಿನ ಮಾತು ಬರುತ್ತದೆ. ಇದರ ಅರ್ಥ ಸ್ಪ್ರೇ ಬಳಸಬಾರದೆಂದಲ್ಲ. ಮಾತಿನ ಜಗಳಕ್ಕೆ, ಬಸ್ಸಿನ ಸೀಟಿನ ತಕರಾರಿಗೆ ಅದು ಹೊರಬರಬಾರದು, ಮೈಮೇಲೆ ಬಂದವನಿಗೆ ಮಾತ್ರ.

ಹಾಗಾದರೆ ಮಗಳ ಕೈಗೆ ಏನು ಕೊಡಬೇಕು? ನನ್ನ ಸಲಹೆ ಪೆಪ್ಪರ್ ಸ್ಪ್ರೇ, ಟಾರ್ಚ್, ಅಲಾರ್ಮ್. ದೇಶದಲ್ಲೇ ತಯಾರಾದ, ತಯಾರಕರ ವಿಳಾಸವೂ ಬಳಕೆ ಮುಗಿಯುವ ದಿನಾಂಕವೂ ಅಚ್ಚಾಗಿರುವ ಸ್ಪ್ರೇ ತೆಗೆದುಕೊಳ್ಳಿ. ಮಂಜಿನಂತೆ ಹರಡುವುದಕ್ಕಿಂತ ಧಾರೆಯಾಗಿ ಚಿಮ್ಮುವುದು ನಮ್ಮ ಗಾಳಿಗೆ ಮೇಲು, ತಿರುಗಿ ನಮ್ಮ ಕಣ್ಣಿಗೆ ಬರುವುದು ಕಡಿಮೆ. ಸಣ್ಣ ಕ್ಯಾನ್ ಎರಡು ಮೂರು ಮೀಟರ್ ಹೋಗುತ್ತದೆ, ಕಿಡಿ ಹಲ್ಲಿನ ಯಂತ್ರಕ್ಕೆ ಬೇಕಾದ ಮುಟ್ಟುವ ದೂರಕ್ಕಿಂತ ಇದು ಎಷ್ಟೋ ಸುರಕ್ಷಿತ. ಬ್ಯಾಗಿನ ತಳದಲ್ಲಿ ಲಿಪ್‌ಸ್ಟಿಕ್, ಚಾರ್ಜರ್ ನಡುವೆ ಬಿದ್ದಿದ್ದರೆ ಪ್ರಯೋಜನವಿಲ್ಲ. ಬಸ್ ಇಳಿಯುವ ಮೊದಲೇ ಕೈಗೆ ಬಂದಿರಬೇಕು, ಹೆಬ್ಬೆರಳು ಲಾಕ್ ಮೇಲೆ. ಮನೆಯ ಅಂಗಳದಲ್ಲಿ ಗಾಳಿಗೆ ಬೆನ್ನು ಹಾಕಿ ಒಂದು ಸಲ ಅರ್ಧ ಸೆಕೆಂಡ್ ಹೊಡೆದು ನೋಡಲಿ, ಲಾಕ್ ತಿರುಗಿಸುವ ಅಭ್ಯಾಸ ಬೆರಳಿಗೆ ಬರುತ್ತದೆ. ಮುಖದ ಮೇಲೆ, ಕಣ್ಣಿನ ಮಟ್ಟಕ್ಕೆ ಒಂದೆರಡು ಸೆಕೆಂಡ್ ಹೊಡೆದು ಪಕ್ಕಕ್ಕೆ ಸರಿದು ಓಡಬೇಕು, ನಿಂತು ನೋಡಬಾರದು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ಕ್ಯಾನ್ ಸಿಡಿಯಬಹುದು. ವಿಮಾನದ ಕೈಚೀಲಕ್ಕೆ ಇದೂ ನಿಷಿದ್ಧ.

ಟಾರ್ಚ್ 300ರಿಂದ 500 ಲ್ಯೂಮೆನ್ಸ್ ಇರುವ, ಒಂದೇ ಗುಂಡಿಗೆ ಪೂರ್ತಿ ಬೆಳಕು ಕೊಡುವ ಬಗೆಯದಾಗಿರಲಿ. ಐದು ಬಗೆಯ ಮಿಣುಕು ದಾಟಿ ಬರುವ ಟಾರ್ಚ್ ಗಾಬರಿಯಲ್ಲಿ ಕೈಕೊಡುತ್ತದೆ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಅಷ್ಟು ಬೆಳಕು ಬಿದ್ದರೆ ಕೆಲವು ಸೆಕೆಂಡ್ ಏನೂ ಕಾಣುವುದಿಲ್ಲ, ನಿಮಗೆ ಬೇಕಾದದ್ದು ಅಷ್ಟೇ ಸಮಯ. ಕಾಡುಹಂದಿಯನ್ನೂ ಹಾವನ್ನೂ ದೂರದಿಂದಲೇ ತೋರಿಸುವುದೂ ಅದೇ. ಪಿನ್ ಎಳೆದರೆ ಕಿರುಚುವ ಅಲಾರ್ಮ್ ಕೂಡ ಅಗ್ಗದಲ್ಲಿ ಸಿಗುತ್ತದೆ, ತೋಟದ ಕಾರ್ಮಿಕರ ಲೈನ್ ಮನೆಗಳು ಕೂಗಳತೆಯಲ್ಲಿದ್ದರೆ ಅದು ಬಹಳ ಕೆಲಸ ಮಾಡುತ್ತದೆ. ತೋಟದ ಲೆಕ್ಕ ನೋಡುವ ರೈಟರಿಗೂ ಲೈನ್ ಮನೆಯವರಿಗೂ ಆ ಸದ್ದನ್ನು ಒಮ್ಮೆ ಕೇಳಿಸಿಟ್ಟಿರಿ.

ಫೋನಿನಲ್ಲಿ 112 ತುರ್ತು ಕರೆಗೆ ಪವರ್ ಗುಂಡಿಯನ್ನು ಎಷ್ಟು ಸಲ ಒತ್ತಬೇಕು ಎಂದು ಸೆಟ್ಟಿಂಗ್ಸ್‌ನಲ್ಲಿ ನೋಡಿ ಹಾಕಿಕೊಡಿ, ಕೆಲವು ಫೋನಿಗೆ ಮೂರು, ಕೆಲವಕ್ಕೆ ಐದು. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ 112ಕ್ಕೆ ಕರೆ ಹೋಗುತ್ತದೆ. ಆದರೆ ತೋಟದ ತಗ್ಗುಗಳಲ್ಲಿ ಯಾವ ಟವರೂ ಸಿಗದ ಜಾಗಗಳಿವೆ. ಒಂದು ಹಗಲು ಮಗಳ ಜೊತೆ ಆ ಮುಕ್ಕಾಲು ಕಿಲೋಮೀಟರ್ ನಡೆದು ಎಲ್ಲಿ ಸಿಗ್ನಲ್ ಸಾಯುತ್ತದೆ, ಎಲ್ಲಿ ಮರಳುತ್ತದೆ ಎಂದು ಗುರುತು ಮಾಡಿ. ಆ ಜಾಗಕ್ಕೆ ಕಾಲಿಡುವ ಮೊದಲು ಒಂದು ಮಿಸ್ಡ್ ಕಾಲ್, ದಾಟಿದ ಮೇಲೆ ಇನ್ನೊಂದು. ಎರಡನೆಯದು ಹತ್ತು ನಿಮಿಷದಲ್ಲಿ ಬರದಿದ್ದರೆ ಮನೆಯಿಂದ ಒಬ್ಬರು ಹೊರಡುವುದು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಹೊಸ ಮುಖಗಳು ಓಡಾಡುವಾಗ, ಹೊತ್ತು ಮುಂಚೆ ಕತ್ತಲಾಗುವಾಗ ಬಸ್ ನಿಲ್ದಾಣಕ್ಕೇ ಹೋಗಿ ಕರೆತನ್ನಿ.

ಬಾವನವರು ಈಗಾಗಲೇ ಹಿಂದೊಮ್ಮೆ ತಂದುಕೊಟ್ಟದ್ದು ಮನೆಯಲ್ಲಿದ್ದರೆ ಅದನ್ನು ಮಾರಬೇಡಿ, ಯಾರಿಗೂ ಕೊಡಬೇಡಿ, ಬಿಚ್ಚಿ ನೋಡಲೂ ಹೋಗಬೇಡಿ. ಬ್ಯಾಟರಿ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಮೊದಲು ವಕೀಲರೊಬ್ಬರಿಗೆ ತೋರಿಸಿ. ಇಟ್ಟುಕೊಳ್ಳುವುದು ಕಾನೂನಿಗೆ ಸರಿಯಿಲ್ಲ ಎಂದಾದ ಆಯುಧವನ್ನು ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲೋ ಠೇವಣಿ ಇಡಬೇಕು ಎಂದು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ವಕೀಲರ ಜೊತೆ ಹೋಗಿ ಒಪ್ಪಿಸಿ, ದಿನಾಂಕ ಮತ್ತು ಸೀಲು ಇರುವ ಸ್ವೀಕೃತಿ ಪಡೆಯಿರಿ.

ಒತ್ತುವ ಬಗೆಯ ಯಂತ್ರ ನಮ್ಮ ಜಿಲ್ಲೆಯಲ್ಲಿ ಸಲ್ಲುತ್ತದೆಯೇ ಎಂದು ಬರಹದಲ್ಲೇ ಬೇಕಿದ್ದರೆ ಮಾಹಿತಿ ಹಕ್ಕಿನಡಿ ತಲಾ ಹತ್ತು ರೂಪಾಯಿ ಶುಲ್ಕದೊಂದಿಗೆ ಎರಡು ಅರ್ಜಿ ಹಾಕಿ. ಕೇಂದ್ರ ಗೃಹ ಸಚಿವಾಲಯಕ್ಕೆ ಒಂದು: ವಿದ್ಯುನ್ಮಾನ ನಿಷ್ಕ್ರಿಯಕ ಸಾಧನಗಳ ಬಗ್ಗೆ 4ನೇ ಸೆಕ್ಷನ್ ಅಡಿ ಕರ್ನಾಟಕದ ಯಾವುದಾದರೂ ಪ್ರದೇಶಕ್ಕೆ ಅಧಿಸೂಚನೆ ಇದೆಯೇ, ಇದ್ದರೆ ಅದರ ಪ್ರತಿ. ಮಡಿಕೇರಿಯ ಡಿಸಿ ಕಚೇರಿಗೆ ಇನ್ನೊಂದು: ಜಿಲ್ಲೆಯಲ್ಲಿ ಇಂಥ ಸಾಧನಕ್ಕೆ ಲೈಸೆನ್ಸ್ ಕೊಟ್ಟ ಅಥವಾ ನಿರಾಕರಿಸಿದ ಆದೇಶಗಳಿದ್ದರೆ ಅವುಗಳ ಪ್ರತಿ. ‘ಇಟ್ಟುಕೊಳ್ಳಬಹುದೇ’ ಎಂದು ಅಭಿಪ್ರಾಯ ಕೇಳಬೇಡಿ, ಅದು ಮಾಹಿತಿಯಲ್ಲ ಎಂದು ಹಿಂದಿರುಗಿಸುತ್ತಾರೆ. ದಾಖಲೆಯನ್ನೇ ಕೇಳಿ. ಉತ್ತರಕ್ಕೆ 30 ದಿನದ ಗಡುವಿದೆ, ಬರದಿದ್ದರೆ ಮೊದಲ ಮೇಲ್ಮನವಿ ಅದೇ ಕಚೇರಿಯ ಮೇಲಧಿಕಾರಿಗೆ.